ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂಕಿ ಚಿತ್ರಗಳಲ್ಲಿ ಅರಮನೆಯ ಹಗೆ

ಪ್ರಶ್ನೆ: ನಮ್ಮೂರಿನ ಕುರುಕ್ಷೇತ್ರ ನಾಟಕದಲ್ಲಿ ನಾನು ದುರ್ಯೋಧನನ ಪಾತ್ರ ಮಾಡುವವನು. ಈಚೆಗೆ ಮೊಬೈಲಿನಲ್ಲಿ ಕೆಲವು ಹಳೆಯ ಮೂಕಿ ಚಿತ್ರಗಳನ್ನು ನೋಡಿದೆ. ದೇಶ ಯಾವುದಾದರೂ ಕಥೆ ಮಾತ್ರ ರಾಜಮನೆತನದ್ದು, ಬಂಧುಗಳ ಸೇಡಿನದು. ಮಾತೂ ಇಲ್ಲದ, ಕಂದಪದ್ಯವೂ ಇಲ್ಲದ ಚಿತ್ರಗಳಿಗೆ ಇಂಥ ಕಥೆಯನ್ನೇ ಏಕೆ ಆರಿಸಿಕೊಳ್ಳುತ್ತಿದ್ದರು? ಅಭಿನಯ ಅತಿಯಾಯಿತೆಂದು ತಮಗೆ ಅನ್ನಿಸುವುದಿಲ್ಲವೇ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಮಾತಿಲ್ಲದ ಕಾರಣಕ್ಕೇ ಇಂಥ ಕಥೆ ಅವರಿಗೆ ಒದಗಿ ಬಂದಿತು. ಗುಮಾಸ್ತನೊಬ್ಬನ ಮನೆಯಲ್ಲಿ ಅಣ್ಣತಮ್ಮಂದಿರ ಮಾತುಕತೆ ಏಕೆ ನಿಂತುಹೋಯಿತೆಂಬುದನ್ನು ತಿಳಿಸಬೇಕಾದರೆ ಪರದೆಯ ಮೇಲೆ ಹಲವು ಬಾರಿ ಬರಹ ಮೂಡಿಸಬೇಕಾಗುತ್ತದೆ. ಅರಮನೆಯಲ್ಲಾದರೋ ಸಿಂಹಾಸನದ ಮೇಲೆ ಕುಳಿತವನನ್ನೂ ಪಕ್ಕದಲ್ಲಿ ನಿಂತು ಅದನ್ನೇ ದಿಟ್ಟಿಸುವವನನ್ನೂ ಒಟ್ಟಿಗೆ ತೋರಿಸಿದರೆ ಅರ್ಧ ಕಥೆ ಹೇಳಿದಂತೆಯೇ. ಅಕ್ಷರ ಬಾರದ ಪ್ರೇಕ್ಷಕರೇ ಹೆಚ್ಚಾಗಿದ್ದ ನಮ್ಮಲ್ಲಿ ಇದು ಸಣ್ಣ ಅನುಕೂಲವಾಗಿರಲಿಲ್ಲ. ಫ್ರಾಂಜ್ ಓಸ್ಟೆನ್ ನಿರ್ದೇಶಿಸಿ, ಹಿಮಾಂಶು ರಾಯ್ ನಿರ್ಮಿಸಿ ನಟಿಸಿದ 1929ರ ‘ಪ್ರಪಂಚ ಪಾಶ್’ ಚಿತ್ರದಲ್ಲಿ ರಾಜನೊಬ್ಬ ಮೋಸದ ದಾಳ ಉರುಳಿಸಿ ಇನ್ನೊಬ್ಬ ರಾಜನ ರಾಜ್ಯವನ್ನೂ ಸ್ವಾತಂತ್ರ್ಯವನ್ನೂ ಗೆದ್ದುಕೊಳ್ಳುತ್ತಾನೆ. ಶಕುನಿಯನ್ನು ಬಲ್ಲವರಿಗೆ ಅಲ್ಲಿ ವಿವರಣೆ ಬೇಕಾಗಿಲ್ಲ.

ದುರ್ಯೋಧನನ ಪಾತ್ರಧಾರಿಗಳಾದ ತಾವು ಅವಶ್ಯವಾಗಿ ನೋಡಬೇಕಾದದ್ದು ಜರ್ಮನಿಯ ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ ‘ನಿಬೆಲುಂಗೆನ್’. ಎರಡು ಭಾಗಗಳ ಈ ಚಿತ್ರ 1924ರಲ್ಲಿ ತೆರೆಕಂಡಿತು. ಇದರ ನಾಯಕ ಸೀಗ್‌ಫ್ರೀಡ್ ಘಟಸರ್ಪವೊಂದರ ರಕ್ತದಲ್ಲಿ ಮಿಂದು ಆಯುಧ ತಾಗದ ಮೈ ಪಡೆದವನು. ಮೀಯುವಾಗ ಬೆನ್ನ ಮೇಲೆ ಎಲೆಯೊಂದು ಬಿದ್ದುದರಿಂದ ಅಷ್ಟು ಜಾಗ ಮಾತ್ರ ರಕ್ತ ತಾಗದೆ ಉಳಿದಿರುತ್ತದೆ. ದುರ್ಯೋಧನನ ತೊಡೆಯ ಪ್ರಸಂಗ ತಮಗೆ ನೆನಪಾಗದೆ ಇರದು. ಗಂಡನನ್ನು ಯುದ್ಧದಲ್ಲಿ ಕಾಯುತ್ತೇನೆಂಬ, ತನ್ನ ಅಣ್ಣನ ಆಸ್ಥಾನದ ವೀರ ಹಾಗೆನ್‌ನ ಮಾತನ್ನು ನಂಬಿದ ರಾಣಿ ಕ್ರೀಮ್‌ಹಿಲ್ಡ್, ಆ ಜಾಗ ಗೊತ್ತಾಗಲೆಂದು ಅಂಗಿಯ ಮೇಲೆ ತಾನೇ ಸೂಜಿ ಹಿಡಿದು ಗುರುತು ಹೊಲಿಯುತ್ತಾಳೆ. ಹಾಗೆನ್‌ನ ಭರ್ಜಿ ನಾಟುವುದು ಆ ಹೊಲಿಗೆಯ ಮೇಲೆಯೇ. ಒಡಹುಟ್ಟಿದವರು ಕೊಲೆಗಾರನನ್ನು ಬಿಟ್ಟುಕೊಡಲು ಒಪ್ಪದಿದ್ದಾಗ ಆಕೆ ಹೂಣರ ದೊರೆಯನ್ನು ಮದುವೆಯಾಗಿ, ತವರಿನವರನ್ನು ಔತಣಕ್ಕೆ ಕರೆಸಿ, ಅವರಿದ್ದ ಸಭಾಂಗಣಕ್ಕೇ ಬೆಂಕಿ ಇಡಿಸುತ್ತಾಳೆ.

ಅಭಿನಯದ ಬಗೆಗಿನ ತಮ್ಮ ಆಕ್ಷೇಪಕ್ಕೂ ಉತ್ತರ ಇದೇ ಚಿತ್ರದಲ್ಲಿದೆ. ಎರಡನೆಯ ಭಾಗದುದ್ದಕ್ಕೂ ಕ್ರೀಮ್‌ಹಿಲ್ಡ್ ಆಗಿ ಮಾರ್ಗರೆಟೆ ಶ್ಯೋನ್ ಹೆಚ್ಚುಕಡಿಮೆ ಅಲುಗಾಡದೆ ನಿಲ್ಲುತ್ತಾರೆ. ಸುತ್ತಲಿನವರು ಬಡಿದಾಡಿ ಸಾಯುತ್ತಿರುವಾಗ ಆಕೆಯ ನೆಟ್ಟ ನೋಟವೊಂದೇ ಸೇಡನ್ನು ಹೊತ್ತು ನಿಲ್ಲುತ್ತದೆ. ಎದೆ ಬಡಿದುಕೊಂಡು ಕಣ್ಣರಳಿಸುವ ನಟರು ಆ ಕಾಲದಲ್ಲಿ ಇದ್ದರು, ಇಲ್ಲವೆನ್ನುವಂತಿಲ್ಲ. ಸಾವಿರ ಜನರ ಕಡೆಯ ಸಾಲಿಗೂ ಮುಟ್ಟುವಂತೆ ಅಭಿನಯಿಸುವ ರಂಗಭೂಮಿಯ ರೂಢಿ ಅವರ ಮೈಯಲ್ಲಿತ್ತು. ಅದನ್ನು ತಾವು ತಪ್ಪೆನ್ನಲಾರಿರಿ ಎಂದು ನಂಬಿದ್ದೇನೆ.

ಪ್ರಶ್ನೆ: ಈ ಚಿತ್ರಗಳಲ್ಲಿ ರಾಜರೂ ರಾಣಿಯರೂ ಓಡಿದಂತೆ ನಡೆಯುವುದೇಕೆ? ಗಂಭೀರ ದೃಶ್ಯದಲ್ಲೂ ನಗು ಬರುತ್ತದೆ.
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಅಂದಿನ ಕ್ಯಾಮೆರಾಗಳನ್ನು ಬಹುಮಟ್ಟಿಗೆ ಕೈಯಿಂದಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಚೌಕಟ್ಟುಗಳಂತೆ (ಬಿಡಿ ಚಿತ್ರಗಳಂತೆ) ತೆಗೆದುದನ್ನು, ಟಾಕಿ ಬಂದ ಮೇಲೆ ರೂಢಿಯಾದ 24ರ ವೇಗದಲ್ಲಿ ಓಡಿಸಿದರೆ 90 ನಿಮಿಷದ ಚಿತ್ರ 60 ನಿಮಿಷಕ್ಕೆ ಮುಗಿದುಹೋಗುತ್ತದೆ. ತಪ್ಪು ತೋರಿಸುವವರದು, ನಟರದಲ್ಲ. ವೇಗ ಸರಿಪಡಿಸಿದ ಪ್ರತಿಯಲ್ಲಿ 1921ರ ‘ದಿ ಇಂಡಿಯನ್ ಟೂಂಬ್’ ನೋಡಿ. ತನಗೆ ದ್ರೋಹವೆಸಗಿದ ರಾಣಿಯನ್ನು ಹೂಳುವುದಕ್ಕೆಂದು, ಆಕೆ ಬದುಕಿರುವಾಗಲೇ ಗೋರಿ ಕಟ್ಟಿಸಲು ಹೊರಟ ಮಹಾರಾಜನಾಗಿ ಕಾನ್ರಾಡ್ ಫೈಟ್ ಎಷ್ಟು ನಿಧಾನವಾಗಿ ಹೆಜ್ಜೆ ಇಡುತ್ತಾರೆಂಬುದು ತಿಳಿಯುತ್ತದೆ. ಜೋ ಮೇ ನಿರ್ದೇಶಿಸಿದ ಈ ಚಿತ್ರದ ಭಾರತವನ್ನು ಬರ್ಲಿನ್ ಸಮೀಪದಲ್ಲಿ ಕಟ್ಟಿದ್ದರು. ಅಲ್ಲಿನ ಯೋಗಿ, ಹುಲಿ, ಮೊಸಳೆಗಳನ್ನು ಕಂಡು ನಗುವುದಕ್ಕೆ ನನ್ನ ಅಭ್ಯಂತರವಿಲ್ಲ.

ಪ್ರಶ್ನೆ: ದಕ್ಷಿಣ ಭಾರತದಲ್ಲಿ ಇಂಥ ಚಿತ್ರ ಬರಲಿಲ್ಲವೇ?
– ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಬಂದಿತು, ಬಂದೊಡನೆ ವ್ಯಾಜ್ಯಕ್ಕೆ ಸಿಕ್ಕಿತು. ಸಿ. ವಿ. ರಾಮನ್ ಪಿಳ್ಳೆಯವರ ಕಾದಂಬರಿಯನ್ನು ಆಧರಿಸಿ ಪಿ. ವಿ. ರಾವ್ ನಿರ್ದೇಶಿಸಿದ ‘ಮಾರ್ತಾಂಡ ವರ್ಮ’ 1933ರಲ್ಲಿ ತಿರುವನಂತಪುರದಲ್ಲಿ ತೆರೆಕಂಡಿತು. ತಿರುವಾಂಕೂರಿನಲ್ಲಿ ಸಿಂಹಾಸನ ಸೋದರಳಿಯನಿಗೆ ಸಲ್ಲುತ್ತಿದ್ದುದರಿಂದ ರಾಜನ ಸ್ವಂತ ಮಕ್ಕಳೇ ಪಟ್ಟಕ್ಕಾಗಿ ಸಂಚು ಹೂಡುವ ಕಥೆ ಅದು. ದಕ್ಷಿಣ ಕನ್ನಡದ ಅಳಿಯಸಂತಾನವನ್ನು ಬಲ್ಲ ತಮಗೆ ಅದರ ಬಿಗಿ ಸುಲಭವಾಗಿ ತಿಳಿದೀತು. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರು ನ್ಯಾಯಾಲಯಕ್ಕೆ ಹೋದುದರಿಂದ ಪ್ರದರ್ಶನ ನಿಂತುಹೋಯಿತು, ಚಿತ್ರವನ್ನು ಜಪ್ತಿ ಮಾಡಲಾಯಿತು. ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಬಹುಪಾಲು, ಬೇಗ ಕೆಡುವ, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನೊಂದಿಗೆ ಇಲ್ಲವಾದವು. ಜನ ನೋಡಲಾಗದೆ ಹೋದ ಈ ಚಿತ್ರದ ಪ್ರತಿಯಾದರೋ ಉಳಿದು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸೇರಿತು.