ಜನ ಮುಗಿಬೀಳುವ ಕಡೆ ರುಚಿಯೂ ಇರಬೇಕಲ್ಲವೇ?

ಪ್ರಶ್ನೆ: ಎಲ್ಲರ ಬಾಯಲ್ಲೂ ಇರುವ ಒಂದು ರೆಸ್ಟೋರೆಂಟಿಗೆ ಮನೆಯವರೆಲ್ಲ ಹೋಗಿದ್ದೆವು. ಬಾಗಿಲಲ್ಲಿ ಬಹಳ ಹೊತ್ತು ಕಾದ ಮೇಲೆ ಮೇಜು ಸಿಕ್ಕಿತು. ಸೂಪು ಉಗುರುಬೆಚ್ಚಗಿತ್ತು, ಕರಿದ ತಿನಿಸು ಮೆತ್ತಗಾಗಿತ್ತು, ಬಿಲ್ಲು ಮಾತ್ರ ಕಣ್ಣು ಕುಕ್ಕುವಂತಿತ್ತು. ಪಕ್ಕದ ಮೇಜಿನವರು ಚಪ್ಪರಿಸಿ ತಿನ್ನುತ್ತಿದ್ದುದನ್ನು ನೋಡಿ ಸಂಕೋಚವಾಗಿ, ಏನೂ ಹೇಳದೆ ಹಣ ಕೊಟ್ಟು ಬಂದೆವು. ನಮ್ಮ ನಿರೀಕ್ಷೆಯೇ ಹೆಚ್ಚಾಯಿತೇ? ಆಗಲೇ ಹೇಳಬೇಕಿತ್ತೇ?

ಉತ್ತರ: ನಿಮ್ಮ ನಿರೀಕ್ಷೆ ಹೆಚ್ಚಾಗಿರಲಿಲ್ಲ. ಬಿಸಿಯಾಗಿರಬೇಕಾದ್ದು ಬಿಸಿಯಾಗಿಯೂ ಗರಿಗರಿಯಾಗಿರಬೇಕಾದ್ದು ಗರಿಗರಿಯಾಗಿಯೂ ಬರಲಿ ಎಂದು ಬಯಸುವುದು ದೊಡ್ಡ ಆಸೆಯೇನಲ್ಲ. ಆದರೆ ಬಾಗಿಲಲ್ಲಿ ನಿಂತ ಜನರನ್ನು ನೋಡಿ ಒಳಗಿನ ರುಚಿಯನ್ನು ಅಳೆಯಲಾಗದು. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1991ರಲ್ಲಿ ಬರೆದ ಒಂದು ಚಿಕ್ಕ ಪ್ರಬಂಧದ ವಿಷಯವೇ ಇದು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಮೀನೂಟದ ಒಂದು ರೆಸ್ಟೋರೆಂಟಿನ ಮುಂದೆ ದಿನವೂ ಉದ್ದನೆಯ ಸಾಲು. ರಸ್ತೆಯ ಆಚೆ ಬದಿಯಲ್ಲಿ, ಹೆಚ್ಚುಕಡಿಮೆ ಅಂಥದೇ ಊಟೋಪಚಾರವಿದ್ದು ಬೆಲೆ ಮಾತ್ರ ತುಸು ಜಾಸ್ತಿಯಿದ್ದ ಇನ್ನೊಂದರಲ್ಲಿ ಸಾಲುಸಾಲು ಖಾಲಿ ಕುರ್ಚಿಗಳು. ಬೇರೆಯವರು ಬಯಸುತ್ತಿದ್ದಾರೆ ಎಂಬುದೇ ನಮ್ಮ ಬಯಕೆಯನ್ನೂ ಹೆಚ್ಚಿಸುತ್ತದೆ ಎಂದು ಅವರು ವಿವರಿಸಿದರು.

ಸಾಲು ಬೆಳೆದಾಗ ಅಡುಗೆಮನೆಯಲ್ಲಿ ಏನಾಗುತ್ತದೆ ಎಂಬುದು ನಿಮ್ಮ ತಟ್ಟೆಗೆ ಹೆಚ್ಚು ಸಂಬಂಧಪಟ್ಟದ್ದು. ಒಂದೇ ಹೊತ್ತಿಗೆ ಹತ್ತಾರು ಮೇಜುಗಳ ಆರ್ಡರ್ ಬಂದರೆ, ಬಾಣಲೆಗೆ ಹಿಡಿಸುವುದಕ್ಕಿಂತ ಹೆಚ್ಚು ಸುರಿಯುತ್ತಾರೆ. ಎಣ್ಣೆಯ ಕಾವು ಇಳಿಯುತ್ತದೆ. ಪದಾರ್ಥದ ಹೊರಮೈ ಕೆಂಪಗಾಗಿ ಘಮ್ಮೆನ್ನಬೇಕಾದರೆ ಅಲ್ಲಿನ ಉಷ್ಣತೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಆದರೆ ಮೇಲೆ ನೀರಿನಂಶ ಇರುವವರೆಗೂ ಅದು 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಕಾವು ಸಾಲದೆ ಆ ನೀರು ಬೇಗ ಆರದಿದ್ದಾಗ, ಕರಿಯಬೇಕಾದ್ದು ಬೇಯುತ್ತದೆ, ಎಣ್ಣೆಯನ್ನೂ ಕುಡಿಯುತ್ತದೆ. ಚೆನ್ನಾಗಿ ಕರಿದದ್ದೂ ಸಹ, ನಿಮ್ಮ ಮೇಜಿನ ಉಳಿದ ತಿನಿಸುಗಳು ಸಿದ್ಧವಾಗುವವರೆಗೆ ಕಟ್ಟೆಯ ಮೇಲೆ ಕಾದು ಕುಳಿತರೆ, ಒಳಗಿನ ಹಬೆ ಹೊರಬರುತ್ತಾ ಗರಿಯಾದ ಪದರವನ್ನು ಮೆತ್ತಗಾಗಿಸುತ್ತದೆ. ಮೇಲೆ ಮುಚ್ಚಳ ಮುಚ್ಚಿಟ್ಟರಂತೂ ಕೇಳುವುದೇ ಬೇಡ.

ಉಗುರುಬೆಚ್ಚಗಿನ ಸೂಪು ರುಚಿಯ ವಿಷಯವಷ್ಟೇ ಅಲ್ಲ. ಬೇಯಿಸಿದ ಆಹಾರವನ್ನು ಬಡಿಸುವವರೆಗೂ 60 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಏಕೆಂದರೆ ಅದಕ್ಕಿಂತ ಕೆಳಗೆ ಹೆಚ್ಚು ಹೊತ್ತು ಬಿಟ್ಟರೆ ರೋಗಾಣುಗಳು ಬೆಳೆಯತೊಡಗುತ್ತವೆ. ಅದನ್ನು ವಾಪಸ್ ಕಳಿಸಲು ನೀವು ಯಾವ ಸಂಕೋಚವನ್ನೂ ಪಡಬೇಕಿರಲಿಲ್ಲ.

ಬೆಲೆಯ ಬಗ್ಗೆ ಹೇಳುವುದಾದರೆ, ರೆಸ್ಟೋರೆಂಟ್ ವ್ಯವಹಾರದಲ್ಲಿ ದಿನಸಿಯ ಖರ್ಚು ಸಾಮಾನ್ಯವಾಗಿ ಬೆಲೆಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಉಳಿದದ್ದು ಬಾಡಿಗೆ, ಸಂಬಳ, ದೀಪಾಲಂಕಾರ ಮತ್ತು ಲಾಭ. ಬಿಲ್ಲು ದೊಡ್ಡದಾದ ಮಾತ್ರಕ್ಕೆ ಅಡುಗೆಗೆ ಹೆಚ್ಚು ಗಮನ ಸಿಗುತ್ತದೆಂದಲ್ಲ.

ಪಕ್ಕದ ಮೇಜಿನವರನ್ನು ಮರೆತುಬಿಡಿ. ಅವರ ತಟ್ಟೆ ಬೇರೆ ಗಳಿಗೆಯಲ್ಲಿ ಒಲೆಯಿಂದ ಇಳಿದಿರಬಹುದು (ಇಷ್ಟೊಂದು ಕಾದು, ಇಷ್ಟೊಂದು ಕೊಟ್ಟ ಮೇಲೆ ಚೆನ್ನಾಗಿಲ್ಲವೆಂದು ಒಪ್ಪಿಕೊಳ್ಳುವುದೂ ಸುಲಭವಲ್ಲ). ಎರಡು ತುತ್ತಿನೊಳಗೆ ಬಡಿಸುವವರನ್ನು ಕರೆದು, "ಇದು ಆರಿದೆ, ಬಿಸಿಯಾದದ್ದು ತಂದುಕೊಡಿ" ಎಂದು ಮೆತ್ತಗೆ ಹೇಳಿದ್ದರೆ ಸಾಕಿತ್ತು. "ಚೆನ್ನಾಗಿಲ್ಲ" ಎಂದರೆ ಅದು ಅಭಿಪ್ರಾಯವಾಗಿ ವಾದಕ್ಕೆ ಎಡೆಯಾಗುತ್ತದೆ. ಆರಿದೆ, ಮೆತ್ತಗಾಗಿದೆ ಎಂಬುದನ್ನು ಅವರೇ ಮುಟ್ಟಿ ನೋಡಬಹುದು. ತಟ್ಟೆ ಖಾಲಿ ಮಾಡಿ ಗಲ್ಲಾಪೆಟ್ಟಿಗೆಯ ಬಳಿ ದೂರಿದರೆ ಯಾರೂ ಕಿವಿಗೊಡುವುದಿಲ್ಲ.

ಈಗಲೂ ಬಿಲ್ಲಿನಲ್ಲಿರುವ ದಿನಾಂಕ, ವೇಳೆ ಮತ್ತು ತಿನಿಸಿನ ಹೆಸರನ್ನು ನಮೂದಿಸಿ ವ್ಯವಸ್ಥಾಪಕರಿಗೆ ನಾಲ್ಕು ಸಾಲು ಬರೆಯಬಹುದು. ಹಣ ಮರಳಿ ಬಂದೀತೆಂದು ಮಾತ್ರ ಕಾಯಬೇಡಿ. ಮತ್ತೊಮ್ಮೆ ಅಲ್ಲಿಗೇ ಹೋಗುವ ಮನಸ್ಸಾದರೆ ರಜಾದಿನದ ರಾತ್ರಿಯನ್ನು ಬಿಟ್ಟು, ವಾರದ ನಡುವೆ, ಗಿರಾಕಿಗಳ ನೂಕುನುಗ್ಗಲು ಶುರುವಾಗುವ ಮುಂಚೆ ಹೋಗಿ.