ಆ ಬಡಿತವನ್ನು ಬೆರಳಿನಿಂದ ಕುಟ್ಟಿ ತೋರಿಸಿ

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಕೆಲವು ತಿಂಗಳಿಂದ ರಾತ್ರಿ ಮಲಗಿದಾಗ, ಅದರಲ್ಲೂ ಎಡಮಗ್ಗುಲಿಗೆ ತಿರುಗಿದಾಗ, ಎದೆ ಇದ್ದಕ್ಕಿದ್ದ ಹಾಗೆ ಧಸಕ್ ಎನ್ನುತ್ತದೆ. ಒಂದು ಕ್ಷಣ ಬಡಿತ ನಿಂತೇಹೋಯಿತು ಅನಿಸುತ್ತದೆ, ಹಿಂದೆಯೇ ಗುದ್ದಿದಂಥ ಒಂದು ದೊಡ್ಡ ಬಡಿತ. ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ನಮ್ಮ ಯಜಮಾನರು ‘ಎಲ್ಲಾ ನಿನ್ನ ಟೆನ್ಷನ್, ಸುಮ್ನೆ ಮಲಗು’ ಅಂತಾರೆ. ಇದು ಹಾರ್ಟ್ ಅಟ್ಯಾಕಿನ ಸೂಚನೆಯಾ?

ಉತ್ತರ: ಅಲ್ಲ ಅಂತಲೇ ನನ್ನ ಅಂದಾಜು. ಆದರೆ ‘ಎಲ್ಲಾ ಟೆನ್ಷನ್’ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಹೆಂಗಸರು ಎದೆ ಬಡಿತದ ಬಗ್ಗೆ ಹೇಳಿಕೊಂಡರೆ ಈ ಮಾತು ತುಂಬಾ ಬೇಗ ಬಂದುಬಿಡುತ್ತದೆ. ಒಂದೆರಡು ರಕ್ತಪರೀಕ್ಷೆ ಆದ ಮೇಲೆ ಬೇಕಾದರೆ ಹಾಗೆ ಹೇಳಲಿ.

ನನ್ನ ಎದುರು ಬಂದು ಕೂತವರಿಗೆ ನಾನು ಮೊದಲು ಹೇಳುವುದು ಇಷ್ಟೇ: ‘ನಿಮಗೆ ಆದ ಬಡಿತವನ್ನು ಈ ಮೇಜಿನ ಮೇಲೆ ಬೆರಳಿನಿಂದ ಕುಟ್ಟಿ ತೋರಿಸಿ.’ ಕೆಲವರು ಟಕ್, ಟಕ್, ಟಕ್-ಟಕ್ ಎಂದು ಕುಟ್ಟಿ, ಕೈ ಎತ್ತಿ ಸ್ವಲ್ಪ ತಡೆದು, ಆಮೇಲೆ ಜೋರಾಗಿ ಒಂದು ಏಟು ಹಾಕುತ್ತಾರೆ. ಕೆಲವರು ಟಕಟಕಟಕ ಎಂದು ಒಂದೇ ಸಮನೆ, ಉಸಿರು ಬಿಡದ ಹಾಗೆ ಕುಟ್ಟುತ್ತಾರೆ. ಇನ್ನು ಕೆಲವರ ಬೆರಳಿಗೆ ತಾಳವೇ ಸಿಗುವುದಿಲ್ಲ, ತಗಡಿನ ಮೇಲೆ ಬೀಳುವ ಹನಿಮಳೆಯ ಹಾಗೆ ಎಲ್ಲೆಂದರಲ್ಲಿ ಬೀಳುತ್ತದೆ. ಇವು ಮೂರೂ ಬೇರೆ ಬೇರೆ ತೊಂದರೆ.

ನಿಮ್ಮದು ಮೊದಲನೆಯದು ಅನಿಸುತ್ತದೆ. ಒಂದು ಬಡಿತ ತನ್ನ ಸರದಿಗಿಂತ ಮುಂಚೆಯೇ ಬಂದುಬಿಡುತ್ತದೆ. ಆಗ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ, ಹಾಗಾಗಿ ಆ ಬಡಿತ ನಿಮಗೆ ಗೊತ್ತೇ ಆಗುವುದಿಲ್ಲ. ಅದಾದ ಮೇಲೆ ಒಂದು ಸಣ್ಣ ಬಿಡುವು. ನಿಮಗೆ ನಿಂತೇಹೋಯಿತು ಅನಿಸುವುದು ಅದೇ. ಆ ಬಿಡುವಿನಲ್ಲಿ ಹೃದಯಕ್ಕೆ ಜಾಸ್ತಿ ರಕ್ತ ಬಂದು ತುಂಬುತ್ತದೆ, ಮುಂದಿನ ಬಡಿತ ಬಲವಾಗಿ ಬೀಳುತ್ತದೆ. ಎಡಕ್ಕೆ ಮಲಗಿದಾಗ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುವುದರಿಂದ ಆ ಗುದ್ದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ರಾತ್ರಿ ಬೇರೆ ಸದ್ದು, ಬೇರೆ ಯೋಚನೆ ಇರುವುದಿಲ್ಲವಲ್ಲ, ಮನಸ್ಸೂ ಅಲ್ಲೇ ನಿಲ್ಲುತ್ತದೆ. ಹೃದಯ ಗಟ್ಟಿಯಾಗಿರುವ ಎಷ್ಟೋ ಜನರಿಗೆ ಇಂಥ ಬಡಿತ ಬರುತ್ತದೆ. ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ.

ಇಸಿಜಿ ನಾರ್ಮಲ್ ಬಂದದ್ದು ಒಳ್ಳೆಯದೇ. ಆದರೆ ಆ ಕಾಗದದಲ್ಲಿ ಇರುವುದು ಸುಮಾರು 10 ಸೆಕೆಂಡಿನ ಬಡಿತ ಮಾತ್ರ. ದಿನಕ್ಕೆ ಹೃದಯ ಹತ್ತಿರ ಹತ್ತಿರ 1 ಲಕ್ಷ ಸಲ ಬಡಿಯುತ್ತದೆ. ರಾತ್ರಿ ಬರುವ ತೊಂದರೆ ಹಗಲಿನ ಆ 10 ಸೆಕೆಂಡಿನಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಅದಕ್ಕೇ 24 ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಎದೆಗೆ ಅಂಟಿಸಿಕೊಂಡು ಓಡಾಡುವ, ಬಡಿತವನ್ನೆಲ್ಲ ದಾಖಲಿಸುವ ಹೋಲ್ಟರ್ ಎಂಬ ಯಂತ್ರ ಇದೆ. (1940ರ ದಶಕದಲ್ಲಿ ನಾರ್ಮನ್ ಹೋಲ್ಟರ್ ಮಾಡಿದ ಮೊದಲ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು, ಸುಮಾರು 38 ಕಿಲೋ ಭಾರ! ಈಗಿನದು ಅಂಗಿಯ ಒಳಗೆ ಕಾಣುವುದೂ ಇಲ್ಲ.) ವಾರಕ್ಕೊಮ್ಮೆ ಬರುವ ತೊಂದರೆಗೆ ಒಂದು ದಿನದ ಹೋಲ್ಟರ್ ಸಾಲದು ಅನ್ನುವುದನ್ನು ನಿಮ್ಮ ಡಾಕ್ಟರಿಗೂ ನೆನಪಿಸಿ.

ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಪೊಟ್ಯಾಸಿಯಂ ನೋಡಿಸಿ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿಯಾಗುತ್ತಿದ್ದರೆ ಸಂಕೋಚಪಡದೆ ಹೇಳಿ. ರಕ್ತ ಕಡಿಮೆಯಾದಾಗ ಹೃದಯ ಓಡಲೇಬೇಕಾಗುತ್ತದೆ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆ, ಅಸ್ತಮಾದ ಇನ್‌ಹೇಲರ್, ಹೆಚ್ಚಾದ ಥೈರಾಯ್ಡ್ ಮಾತ್ರೆ, ಕಾಫಿ, ಸಿಗರೇಟು, ಮದ್ಯ, ನಿದ್ದೆಗೇಡು, ಇವೆಲ್ಲ ಬಡಿತ ಕೆಡಿಸಬಹುದು. ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ, ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಈ ಕೆಲವನ್ನು ಮಾತ್ರ ಹಗುರವಾಗಿ ನೋಡಬೇಡಿ. ಬಡಿತದ ಜೊತೆ ಪ್ರಜ್ಞೆ ತಪ್ಪಿತು, ಎದೆ ಹಿಂಡಿದ ಹಾಗಾಯಿತು, ಉಸಿರು ಸಿಗಲಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬಾರದು. ಆಂಬುಲೆನ್ಸ್ ಕರೆಸಬೇಕು. ನೀವೇ ಗಾಡಿ ಓಡಿಸಿಕೊಂಡು ಹೋಗಕೂಡದು. ಓಡುವಾಗ, ಆಡುವಾಗ, ಮೆಟ್ಟಿಲು ಹತ್ತುವಾಗ ತಲೆಸುತ್ತಿ ಬಿದ್ದವರನ್ನು, ವಯಸ್ಸು ಎಷ್ಟೇ ಇರಲಿ, ಹೃದಯದ ಡಾಕ್ಟರು ನೋಡಲೇಬೇಕು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ, ಕಾರಣ ತಿಳಿಯದೆ, ದಿಢೀರನೆ ತೀರಿಕೊಂಡಿದ್ದರೆ ಅದನ್ನು ಡಾಕ್ಟರು ಕೇಳುವ ಮುಂಚೆಯೇ ಹೇಳಿ.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಮನೆಯ ಬಿಪಿ ಯಂತ್ರದಲ್ಲಿ ಆಗಾಗ ಬಡಿತ ಸರಿಯಿಲ್ಲ ಎಂಬ ಗುರುತು ಬರುತ್ತಿದೆ. ಅವರು ‘ನನಗೇನೂ ಆಗ್ತಿಲ್ಲ, ಯಂತ್ರ ಕೆಟ್ಟಿದೆ’ ಅಂತಾರೆ. ಏನು ಮಾಡಲಿ?

ಉತ್ತರ: ನೀವೇ ಅವರ ನಾಡಿ ಹಿಡಿದು ನೋಡಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ನಿಮ್ಮ ಎರಡು ಬೆರಳನ್ನು ಮೆಲ್ಲಗೆ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ನಿಮ್ಮದೇ ಬಡಿತ ಗೊಂದಲ ಮಾಡುತ್ತದೆ. ಒಂದು ನಿಮಿಷ ಪೂರ್ತಿ ಎಣಿಸಿ. ಸುಮ್ಮನೆ ಕೂತಾಗ 60ರಿಂದ 100ರ ಒಳಗೆ ಇರಬೇಕು. ಎಣಿಕೆಗಿಂತ ತಾಳ ಮುಖ್ಯ. ಒಂದು ಬಡಿತಕ್ಕೂ ಇನ್ನೊಂದಕ್ಕೂ ಅಂತರವೇ ಹೊಂದುತ್ತಿಲ್ಲ ಅಂದರೆ ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು.

ಅದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುತ್ತವೆ. ರಕ್ತ ನಿಂತಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ತೊಂದರೆ ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 5 ಪಟ್ಟು ಜಾಸ್ತಿ. ನಿಮ್ಮ ತಂದೆಯಂಥ ಎಷ್ಟೋ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ, ನನಗೆ ಭಯ ಇರುವುದು ಅದಕ್ಕೇ. ಯಂತ್ರದ ಗುರುತೊಂದೇ ಸಾಕ್ಷಿಯಲ್ಲ, ಇಸಿಜಿ ಬೇಕು. ಈ ವಾರವೇ ಮಾಡಿಸಿ. ಇದೇ ಎಂದು ಖಚಿತವಾದರೆ, ಅವರ ವಯಸ್ಸಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಮಾತು ಬಂದೇ ಬರುತ್ತದೆ. ಆಸ್ಪಿರಿನ್ ಅದರ ಜಾಗ ತುಂಬುವುದಿಲ್ಲ. ಇದರ ನಡುವೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಆ ಕ್ಷಣವೇ ಆಸ್ಪತ್ರೆಗೆ.

ಪ್ರಶ್ನೆ: ನನಗೆ 24. ಕೂತಲ್ಲೇ ಇದ್ದಕ್ಕಿದ್ದಂತೆ ಎದೆ ಓಡಲು ಶುರುವಾಗುತ್ತದೆ, ವಾಚಿನಲ್ಲಿ 180 ತೋರಿಸುತ್ತದೆ. ಹತ್ತು ನಿಮಿಷ ಆದ ಮೇಲೆ ತಟ್ಟನೆ ನಿಲ್ಲುತ್ತದೆ. ಪ್ಯಾನಿಕ್ ಅಟ್ಯಾಕ್ ಅಂದರು.

ಉತ್ತರ: ‘ತಟ್ಟನೆ’ ಎಂದು ಬರೆದಿದ್ದೀರಲ್ಲ, ಡಾಕ್ಟರಿಗೂ ಅದನ್ನೇ ಹೇಳಿ. ಗಾಬರಿಯಿಂದ ಏರುವ ಬಡಿತ ಸಾಮಾನ್ಯವಾಗಿ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಸ್ವಿಚ್ಚು ಹಾಕಿ ತೆಗೆದಂತೆ ಬಂದು ಹೋಗುವುದು ಎಸ್‌ವಿಟಿ ಇರಬಹುದು, ಅಂದರೆ ಹೃದಯದ ವಿದ್ಯುತ್ತು ಒಂದು ಅಡ್ಡದಾರಿಯಲ್ಲಿ ಗಿರಕಿ ಹೊಡೆಯುವುದು. ಎದೆ ಹಾಗೆ ಓಡಿದಾಗ ಯಾರಿಗಾದರೂ ಗಾಬರಿ ಆಗುತ್ತದೆ ಅಲ್ವಾ? ಹಾಗಾಗಿ ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಆ ಅಡ್ಡದಾರಿಯನ್ನು, ರಕ್ತನಾಳದೊಳಗೆ ತೂರಿಸುವ ಸಣ್ಣ ನಳಿಕೆಯ (ಕ್ಯಾಥೆಟರ್) ಮೂಲಕ ಸುಟ್ಟು ಮುಚ್ಚುವ ಚಿಕಿತ್ಸೆ ಇದೆ, ಬಹಳ ಮಂದಿಗೆ ಪೂರ್ತಿ ವಾಸಿಯಾಗುತ್ತದೆ.

ಎಸ್‌ವಿಟಿ ಎಂದು ಖಚಿತವಾದವರು, ತಲೆಸುತ್ತು, ಎದೆನೋವು ಇಲ್ಲದಾಗ, ಮನೆಯಲ್ಲೇ ಒಂದನ್ನು ಮಾಡಿ ನೋಡಬಹುದು. ಅರ್ಧ ಒರಗಿ ಕೂತು, ಸೂಜಿ ಇಲ್ಲದ 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಅಲುಗುವಷ್ಟು ಬಿಗಿಯಾಗಿ 15 ಸೆಕೆಂಡು ಊದಬೇಕು. ಕೂಡಲೇ ಚಪ್ಪಟೆಯಾಗಿ ಮಲಗಬೇಕು, ಜೊತೆಯಲ್ಲಿದ್ದವರು ಎರಡೂ ಕಾಲನ್ನು 15 ಸೆಕೆಂಡು ಎತ್ತಿ ಹಿಡಿಯಬೇಕು. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಹೀಗೆ ಮಾಡಿದ 100 ಜನರಲ್ಲಿ 43 ಮಂದಿಗೆ ಬಡಿತ ಸರಿಹೋಯಿತು. ಕಾಲೆತ್ತದೆ ಬರೀ ಊದಿದವರಲ್ಲಿ 17 ಮಂದಿಗೆ ಮಾತ್ರ. ಮೊದಲ ಸಲ ಡಾಕ್ಟರ ಎದುರೇ ಕಲಿತುಕೊಳ್ಳಿ. ಕಣ್ಣುಗುಡ್ಡೆ ಒತ್ತುವುದು, ಕುತ್ತಿಗೆ ಉಜ್ಜುವುದು ಬೇಡವೇ ಬೇಡ.

ಮುಂದಿನ ಸಲ ಶುರುವಾದಾಗ, ನಿಲ್ಲುವ ಮೊದಲೇ, ಹತ್ತಿರದ ಯಾವ ಆಸ್ಪತ್ರೆಯಲ್ಲಾದರೂ ಸರಿ, ಇಸಿಜಿ ತೆಗೆಸಿ. ವಾಚಿನಲ್ಲೇ ಇಸಿಜಿ ಬರುವುದಾದರೆ ಅದನ್ನೂ ಉಳಿಸಿಕೊಳ್ಳಿ. ಆ ಕಾಗದದ ಒಂದು ಪ್ರತಿ ಕೇಳಿ ಪಡೆದು, ಫೋನಿನಲ್ಲಿ ಫೋಟೋನೂ ತೆಗೆದಿಟ್ಟುಕೊಳ್ಳಿ. ಹೃದಯದ ಡಾಕ್ಟರು ಮೊದಲು ಕೇಳುವುದು ಅದನ್ನೇ.