‘ಯುರೇಕಾ’ ಯಾವ ಕಾಲದ ಮಾತು?

ಪ್ರಿಯ ಓದುಗರೇ,

ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಸ್ನಾನದ ನಡುವೆ ಎದ್ದು ಓಡುತ್ತಾ ಕೂಗಿದನೆನ್ನುವ ‘ಯುರೇಕಾ’ ಎಂದರೆ ‘ಕಂಡುಕೊಂಡೆ’ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ‘ನನ್ನ ಹತ್ತಿರದ ಪುಸ್ತಕದಲ್ಲಿ ಕಂಡುಕೊಂಡಿದ್ದೇನೆ ಎಂದಿದೆ. ಎರಡೂ ಒಂದೇ ಅಲ್ವಾ?’ ಎಂದು ಕೇಳಿದ್ದೀರಿ. ಒಂದೇ ಅಲ್ಲ. ನಿಮ್ಮ ಪುಸ್ತಕ ಹೇಳುವುದೇ ಸರಿ.

ಮೂಲ ಗ್ರೀಕ್ ಪದ ‘ಹೆಉರೇಕ’. ಗ್ರೀಕ್ ಬರಹದಲ್ಲಿ ಆ ‘ಹ’ಕ್ಕೆ ಅಕ್ಷರವಿಲ್ಲ, ಸ್ವರದ ಮೇಲೊಂದು ಪುಟ್ಟ ಗುರುತು ಅಷ್ಟೇ. ಇಂಗ್ಲಿಷಿಗೆ ಬರುವಾಗ ಅದು ಉದುರಿಹೋಯಿತು. ಸುಮ್ನೆ ‘ಕಂಡುಕೊಂಡೆ’ ಎನ್ನಲು ಗ್ರೀಕರಿಗೆ ‘ಹೆಉರೊನ್’ ಎಂಬ ಬೇರೆ ರೂಪವೇ ಇತ್ತು. ‘ಹೆಉರೇಕ’ದಲ್ಲಿ ಕೆಲಸ ಮುಗಿದಿದೆ, ಅದರ ಫಲ ಈಗಲೂ ಕೈಯಲ್ಲಿದೆ.

ಇದು ಕನ್ನಡದವರಿಗೆ ಕಷ್ಟವೇ ಅಲ್ಲ. ‘ಅಮ್ಮ ಊರಿಂದ ಬಂದರು’ ಎಂದರೆ ಬಂದದ್ದಷ್ಟೇ ಗೊತ್ತಾಗುತ್ತದೆ. ‘ಬಂದಿದ್ದಾರೆ’ ಎಂದರೆ ಇನ್ನೂ ಮನೆಯಲ್ಲೇ ಇದ್ದಾರೆ. ನಮ್ಮ ಆ ‘ಇದ್ದಾರೆ’ ಮಾಡುವ ಕೆಲಸವನ್ನು ಗ್ರೀಕರು ಕ್ರಿಯಾಪದದ ರೂಪ ಬದಲಿಸಿ ಮಾಡುತ್ತಿದ್ದರು. ಸಾಮಾನ್ಯವಾಗಿ ಮೊದಲ ವ್ಯಂಜನವನ್ನು ಎರಡು ಸಲ ಹೇಳುತ್ತಿದ್ದರು. ‘ಗ್ರಫೋ’ ಎಂದರೆ ಬರೆಯುತ್ತೇನೆ, ‘ಗೆಗ್ರಫ’ ಎಂದರೆ ಬರೆದಿದ್ದೇನೆ. ಯೇಸುವಿನ ಶಿಲುಬೆಯ ಮೇಲಿನ ಬರಹ ಬದಲಿಸಿ ಎಂದು ಕೇಳಿದವರಿಗೆ ರೋಮನ್ ಅಧಿಕಾರಿ ಪಿಲಾತ ಕೊಟ್ಟ ಉತ್ತರ ಇದೇ: ‘ಹೋ ಗೆಗ್ರಫ, ಗೆಗ್ರಫ’. ಬರೆದದ್ದು ಬರೆದಾಯಿತು, ಅದು ಹಾಗೇ ಇರುತ್ತದೆ ಎಂದು. ಈ ರೂಪದ ಗಟ್ಟಿತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆರ್ಕಿಮಿಡೀಸ್ ಸತ್ತದ್ದು ಕ್ರಿ.ಪೂ. 212ರಲ್ಲಿ. ಅವನ ಸ್ನಾನದ ಕಥೆ ನಮಗೆ ಸಿಗುವುದು ಸುಮಾರು 2 ಶತಮಾನಗಳ ನಂತರ, ರೋಮಿನ ವಿಟ್ರೂವಿಯಸ್ ಬರೆದ ಲ್ಯಾಟಿನ್ ಗ್ರಂಥದಲ್ಲಿ. ಕೂಗನ್ನು ಮಾತ್ರ ಅವನು ಗ್ರೀಕಿನಲ್ಲೇ, ಎರಡು ಸಲ ಇಟ್ಟಿದ್ದಾನೆ. ಮಕ್ಕಳಿಗೆ ಕಥೆ ಹೇಳುವಾಗ ‘ಸಿಕ್ತು! ಸಿಕ್ತು!’ ಎಂದೇ ಹೇಳಿ. ಓಡುವ ಮನುಷ್ಯ ನಮ್ಮಲ್ಲಿ ಹಾಗೇ ಕೂಗುವುದು. ಅರ್ಥ ವಿವರಿಸುವಾಗ ಮಾತ್ರ ‘ಕಂಡುಕೊಂಡಿದ್ದೇನೆ’ ಬೇಕು.

ಇನ್ನೊಂದು ಪದ ಹೇಳದೆ ಮುಗಿಸಲು ಮನಸ್ಸಿಲ್ಲ. ಇದೇ ಗುಂಪಿನ ‘ಓಯ್ದ’, ‘ಹೆಉರೇಕ’ದಂತೆ ಇಲ್ಲೂ ವ್ಯಂಜನ ಎರಡಾಗಿಲ್ಲ. ಮೂಲದಲ್ಲಿ ‘ನೋಡಿದ್ದೇನೆ’, ಬಳಕೆಯಲ್ಲಿ ‘ಬಲ್ಲೆ’. ನೋಡಿದ್ದರಿಂದ ಈಗ ಗೊತ್ತಿದೆ! ಇದರ ಒಡಹುಟ್ಟು ಸಂಸ್ಕೃತದ ‘ವೇದ’ ಎಂಬ ಕ್ರಿಯಾಪದ. ಗೀತೆಯ 4ನೇ ಅಧ್ಯಾಯದಲ್ಲಿ ಕೃಷ್ಣ ‘ತಾನ್ಯಹಂ ವೇದ ಸರ್ವಾಣಿ ನ ತ್ವಂ ವೇತ್ಥ’ ಎನ್ನುತ್ತಾನೆ. ಅವನ್ನೆಲ್ಲ ನಾನು ಬಲ್ಲೆ, ನೀನು ಅರಿಯೆ ಎಂದು. ಆ ‘ವೇತ್ಥ’ವೇ ಗ್ರೀಕಿನಲ್ಲಿ ‘ಓಯ್ಸ್ಥ’.

– ಸಂಪಾದಕ